ಟಿಪ್ಪು ಸುಲ್ತಾನನ ಹುಲಿಯೂ ನನ್ನ ತಂತಿ ಹುಲಿಯೂ



ಈ ಸಲದ ಗೋಡೆ ಪತ್ರಿಕೆಗೆ ಒಬ್ಬ ಪ್ರಸಿದ್ಧ ವ್ಯಕ್ತಿಯ ಜೀವನ ಚರಿತ್ರೆ ಬರೆಯುವ ಸರದಿ ನನ್ನದು. ಹೋದ ಸಲ ವಿಶ್ವೇಶ್ವರಯ್ಯನವರ ಬಗ್ಗೆ ಬಂದಿತ್ತು. ಅದರ ಹಿಂದಿನ ಸಲ ಒನಕೆ ಓಬವ್ವ. ನಾನು ಯಾರನ್ನು ಆರಿಸಲಿ ಎಂದು ಎರಡು ವಾರ ತಲೆ ಕೆರೆದುಕೊಂಡೆ. ಕೊನೆಗೆ ನನಗೆ ದಾರಿ ತೋರಿಸಿದ್ದು ಪುಸ್ತಕವಲ್ಲ, ಒಂದು ಮೊಳ ಕಬ್ಬಿಣದ ತಂತಿ.

ವಿಜ್ಞಾನ ವಸ್ತು ಪ್ರದರ್ಶನಕ್ಕೆ ಏನಾದರೂ ಮಾಡಿಕೊಂಡು ಬನ್ನಿ ಅಂತ ಮೇಷ್ಟ್ರು ಹೇಳಿದ್ದರು. ದುಡ್ಡು ಖರ್ಚು ಮಾಡಬಾರದು, ಮನೆಯಲ್ಲಿ ಬಿದ್ದಿರುವ ಸಾಮಾನಿನಲ್ಲೇ ಮಾಡಬೇಕು ಅಂತ ಕಟ್ಟುನಿಟ್ಟು. ನಾನು ಹಿಡಿ ತಿರುಗಿಸಿದರೆ ಆಡುವ ಗೊಂಬೆ ಮಾಡುತ್ತೇನೆ ಅಂದೆ. ಯಾಕಂದ್ರೆ ನಮ್ಮ ಮನೆಯಲ್ಲಿ ಶ್ಯಾವಿಗೆ ಒತ್ತುವ ಮಿಷನ್ ಇದೆ. ಅದರ ಹಿಡಿಯನ್ನು ಸಣ್ಣವನಿದ್ದಾಗಿಂದ ತಿರುಗಿಸಿ ತಿರುಗಿಸಿ ನನಗೆ ಹಿಡಿ ಅಂದ್ರೆ ಇಷ್ಟ. ಆಗ ಮೇಷ್ಟ್ರು, ನಮ್ಮ ನಾಡಿನಲ್ಲೇ ಒಬ್ಬ ಅರಸ ಇಂಥ ಗೊಂಬೆ ಇಟ್ಟುಕೊಂಡಿದ್ದ, ಅದು ಒಂದು ಕರುವಿನಷ್ಟು ದೊಡ್ಡದು, ಹಿಡಿ ತಿರುಗಿಸಿದರೆ ಗುರುಗುಟ್ಟುತ್ತಿತ್ತು ಎಂದು ಹೇಳಿದರು. ಆ ಅರಸ ಟಿಪ್ಪು ಸುಲ್ತಾನ. ಆವತ್ತೇ ತೀರ್ಮಾನ ಮಾಡಿದೆ, ಬರೆದರೆ ಇವನ ಬಗ್ಗೆಯೇ ಬರೆಯಬೇಕು.

ಆದರೆ ಅದು ಅಷ್ಟು ಸುಲಭ ಆಗಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಚರಿತ್ರೆ.

ಹುಟ್ಟು ಮತ್ತು ಬಾಲ್ಯ

ಟಿಪ್ಪು ಹುಟ್ಟಿದ್ದು ಬೆಂಗಳೂರಿನ ಹತ್ತಿರದ ದೇವನಹಳ್ಳಿಯಲ್ಲಿ, 1750ರ ಸುಮಾರಿಗೆ. ಈಗ ವಿಮಾನ ನಿಲ್ದಾಣ ಇರುವುದು ಆ ಕಡೆಯೇ. ತಂದೆ ಹೈದರಾಲಿ, ತಾಯಿ ಫಕ್ರುನ್ನೀಸಾ. ಆರ್ಕಾಟಿನಲ್ಲಿ ಟಿಪ್ಪು ಮಸ್ತಾನ್ ಔಲಿಯಾ ಎಂಬ ಸಂತರ ದರ್ಗಾ ಇದೆ. ಅವರ ಹೆಸರನ್ನೇ ಮಗುವಿಗೆ ಇಟ್ಟರು. ಆ ಕಾಲಕ್ಕೆ ಹೈದರ್ ಇನ್ನೂ ಅರಸನಲ್ಲ, ಮೈಸೂರು ಒಡೆಯರ ಸೈನ್ಯದಲ್ಲಿ ಒಬ್ಬ ಅಧಿಕಾರಿ. ಆತನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ತನ್ನ ಮಗ ಓದಬೇಕು ಎಂದು ಆಸೆ ಇತ್ತು. ಹಾಗಾಗಿ ಟಿಪ್ಪುವಿಗೆ ಪಾರ್ಸಿ, ಅರಬ್ಬಿ ಮೊದಲಾದ ಪಾಠಗಳ ಜೊತೆಗೆ ಕುದುರೆ ಸವಾರಿ, ಕತ್ತಿ ವರಸೆ, ಕೋವಿ ಹಿಡಿಯುವುದು ಎಲ್ಲವನ್ನೂ ಕಲಿಸಿದರು.

1761ರಲ್ಲಿ ಹೈದರ್ ಮೈಸೂರಿನ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡ. ಒಡೆಯರು ಹೆಸರಿಗೆ ಅರಸರಾಗಿ ಉಳಿದರು. 1767ರಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಜೊತೆ ಮೊದಲನೇ ಮೈಸೂರು ಯುದ್ಧ ಶುರುವಾಯ್ತು. ಟಿಪ್ಪುವಿಗೆ ಆಗ ಹದಿನೇಳರ ಆಸುಪಾಸು. ನಮ್ಮೂರಿನಲ್ಲಾದರೆ ಪಿ.ಯು.ಸಿ. ಓದುವ ವಯಸ್ಸು. ಆ ವಯಸ್ಸಿಗೇ ಅವನು ಕುದುರೆ ಪಡೆ ತೆಗೆದುಕೊಂಡು ಮದ್ರಾಸಿನ ಅಂಚಿನವರೆಗೆ ನುಗ್ಗಿ ಬಂದ. 1769ರಲ್ಲಿ ಮದ್ರಾಸಿನ ಬಾಗಿಲಲ್ಲೇ ಹೈದರ್ ಕಂಪನಿಯವರಿಂದ ಒಪ್ಪಂದ ಬರೆಸಿಕೊಂಡ.

ಬಾಣ ಬಿರುಸಿನ ಯುದ್ಧ

1780ರಲ್ಲಿ ಎರಡನೇ ಯುದ್ಧ. ಕಾಂಚೀಪುರದ ಹತ್ತಿರ ಪೊಲ್ಲಿಲೂರು ಎಂಬ ಊರು. 1780ರ ಸೆಪ್ಟೆಂಬರ್ 10ರಂದು ಅಲ್ಲಿ ಕರ್ನಲ್ ಬೇಲಿಯ ಪಡೆಯನ್ನು ಹೈದರ್ ಮತ್ತು ಟಿಪ್ಪು ಸುತ್ತುವರಿದರು. ಮೈಸೂರಿನವರ ಬಳಿ ರಾಕೆಟ್ಟುಗಳಿದ್ದವು. ನಾವು ದೀಪಾವಳಿಗೆ ಹಚ್ಚುವುದು ಕಾಗದದ ರಾಕೆಟ್. ಅವರದು ಕಬ್ಬಿಣದ ಕೊಳವೆಯದ್ದು. ಕೊಳವೆ ಗಟ್ಟಿ ಇದ್ದರೆ ಒಳಗೆ ಮದ್ದನ್ನು ಬಿಗಿಯಾಗಿ ತುಂಬಬಹುದು. ಬಿಗಿಯಾಗಿ ತುಂಬಿದರೆ ಒತ್ತಡ ಜಾಸ್ತಿ, ಒತ್ತಡ ಜಾಸ್ತಿಯಾದರೆ ದೂರ ಹೋಗುತ್ತದೆ. ನೇರ ಹೋಗಲಿ ಅಂತ ಬಿದಿರಿನ ಗಳ ಕಟ್ಟುತ್ತಿದ್ದರು. ಪೊಲ್ಲಿಲೂರಿನಲ್ಲಿ ಬೇಲಿಯ ಮದ್ದಿನ ಬಂಡಿಗಳೇ ಸ್ಫೋಟವಾಗಿ ಅವನ ಸೈನ್ಯ ಚೆಲ್ಲಾಪಿಲ್ಲಿ ಆಯ್ತು. ಬೇಲಿ ಸೆರೆಯಾದ. ಅವನ ಸಹಾಯಕ್ಕೆ ಬರಬೇಕಿದ್ದ ಸರ್ ಹೆಕ್ಟರ್ ಮನ್ರೋ ಹತ್ತಿರದಲ್ಲೇ ಇದ್ದರೂ ಸಮಯಕ್ಕೆ ಬರಲಿಲ್ಲ. ಈ ಮನ್ರೋ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪ್ರವಾಸಕ್ಕೆ ಶ್ರೀರಂಗಪಟ್ಟಣಕ್ಕೆ ಹೋದವರಿಗೆ ನೆನಪಿರಬಹುದು. ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಈ ಯುದ್ಧದ ದೊಡ್ಡ ಚಿತ್ರ ಇದೆ. ಬೇಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ, ಮದ್ದಿನ ಬಂಡಿ ಹೊತ್ತಿ ಉರಿಯುತ್ತಿದೆ. ಆ ದಿನ ನಾವೆಲ್ಲ ಬಿಸಿಲಿಗೆ ಸುಸ್ತಾಗಿ ಬೇಗ ಹೊರಗೆ ಬಂದ್ವಿ. ಇನ್ನೊಮ್ಮೆ ಹೋದರೆ ನಿಧಾನವಾಗಿ ನೋಡಬೇಕು.

2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಒಂದು ಪಾಳು ಬಾವಿಯ ಹೂಳು ತೆಗೆದಾಗ ಆ ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಸಿಕ್ಕವು. ಇಂಥ ರಾಕೆಟ್ಟುಗಳನ್ನೇ ಇಂಗ್ಲೆಂಡಿಗೆ ತೆಗೆದುಕೊಂಡು ಹೋಗಿ ನೋಡಿ, ಕಾಂಗ್ರೀವ್ ಎಂಬಾತ ತನ್ನ ರಾಕೆಟ್ ಮಾಡಿದ.

ಸುಲ್ತಾನನಾದ ಟಿಪ್ಪು

1782ರ ಡಿಸೆಂಬರಿನಲ್ಲಿ ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ ಹೈದರ್ ಹುಣ್ಣಿನ ರೋಗದಿಂದ ತೀರಿಕೊಂಡ. ಟಿಪ್ಪು ಆಗ ಮಲಬಾರಿನ ಕಡೆ ಯುದ್ಧದಲ್ಲಿದ್ದ. ಅವನು ಬರುವ ತನಕ ಸಾವಿನ ಸುದ್ದಿಯನ್ನು ಗುಟ್ಟಾಗಿ ಇಟ್ಟರಂತೆ. ಟಿಪ್ಪು ಓಡೋಡಿ ಬಂದು ಅಧಿಕಾರ ವಹಿಸಿಕೊಂಡ. 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದ ಆಗಿ ಎರಡನೇ ಯುದ್ಧ ಮುಗಿಯಿತು.

ಹೊಸದನ್ನು ಕಂಡರೆ ಟಿಪ್ಪುವಿಗೆ ಬಿಡಲಾಗದ ಹುಚ್ಚು. ಹೊಸ ನಾಣ್ಯ, ಹೊಸ ತಿಂಗಳ ಹೆಸರು, ಹೊಸ ಅಳತೆ ತೂಕ. ಮೈಸೂರು ಸೀಮೆಗೆ ರೇಷ್ಮೆ ಕೃಷಿ ತರಿಸಿದ್ದು ಅವನೇ. ನಮ್ಮ ಕಡೆ ಹಿಪ್ಪುನೇರಳೆ ಹಾಕಿದವರು ಇದನ್ನು ತಿಳಿದಿರಬೇಕು. ಚನ್ನಪಟ್ಟಣದ ಬಣ್ಣದ ಗೊಂಬೆಗಳ ಕಸುಬು ಅವನ ಕಾಲದಲ್ಲೇ ಬೇರು ಬಿಟ್ಟಿತು ಎಂದೂ ಅಲ್ಲಿನವರು ಹೇಳುತ್ತಾರೆ. ಅರಮನೆಯಲ್ಲಿ ಸುಮಾರು 2,000 ಪುಸ್ತಕಗಳ ಗ್ರಂಥಾಲಯ ಇತ್ತು. ತನಗೆ ಬಿದ್ದ ಕನಸುಗಳನ್ನು ತಾನೇ ಬರೆದಿಟ್ಟ ಒಂದು ಪುಸ್ತಕವೂ ಇದೆ.

ಎಲ್ಲಕ್ಕಿಂತ ಜಾಸ್ತಿ ಅವನಿಗೆ ಹುಲಿ ಅಂದ್ರೆ ಪ್ರಾಣ. ಸಿಂಹಾಸನಕ್ಕೆ ಹುಲಿ ತಲೆ, ಕತ್ತಿಯ ಹಿಡಿಗೆ ಹುಲಿ ತಲೆ, ಫಿರಂಗಿಯ ಬಾಯಿ ಹುಲಿ ಬಾಯಿ, ಸಿಪಾಯಿಗಳ ಅಂಗಿಯ ಮೇಲೆ ಹುಲಿ ಪಟ್ಟೆ.

ನಮ್ಮಜ್ಜಿಯ ಪ್ರಶ್ನೆ

ಇಷ್ಟನ್ನು ಬರೆದು ರಾತ್ರಿ ಮನೆಯಲ್ಲಿ ಜೋರಾಗಿ ಓದಿದೆ. ನಮ್ಮಜ್ಜಿ ಕಡಲೆಕಾಯಿ ಸುಲಿಯುತ್ತಾ ಕೂತಿದ್ದರು. ಅವರ ತವರು ದುರ್ಗದ ಕಡೆ. ಅವರ ಕೈ ನಿಂತು ಹೋಯ್ತು. ದುರ್ಗದ ನಾಯಕರನ್ನು ಹಿಡಿದುಕೊಂಡು ಹೋದವರ ಮಗನ ಬಗ್ಗೆ ಬರೆಯುತ್ತೀಯಲ್ಲ, ನಿನಗೆ ಬೇರೆ ಯಾರೂ ಸಿಗಲಿಲ್ಲವಾ ಎಂದು ಕೇಳಿದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಮಾರನೇ ದಿನ ತರಗತಿಯಲ್ಲೂ ಅದೇ ಗಲಾಟೆ. ನಮ್ಮ ಪತ್ರಿಕೆಯ ಗುಂಪಿನಲ್ಲಿ ಐದು ಜನ ಇದ್ದೇವೆ. ಇಬ್ಬರು ಟಿಪ್ಪು ಬೇಡವೇ ಬೇಡ ಅಂದರು. ಇಬ್ಬರು ಬೇಕೇ ಬೇಕು ಅಂದರು. ಒಂದು ದಿನವೆಲ್ಲ ಒಬ್ಬರಿಗೊಬ್ಬರು ಮಾತು ಬಿಟ್ಟರು. ಊಟದ ಹೊತ್ತಿಗೆ ಬೇರೆ ಬೇರೆ ಕಡೆ ಕೂತರು. ಎಲ್‌.ಕೆ.ಜಿ.ಯಿಂದ ಒಟ್ಟಿಗೆ ಇರುವವರು ಹೀಗೆ ಕೂತಿದ್ದು ನಾನು ನೋಡಿರಲಿಲ್ಲ. ನನಗೆ ತುಂಬಾ ಬೇಜಾರಾಯ್ತು. ಹರಿದು ಹಾಕಿ ಬೇರೆ ಬರೆಯೋಣ ಅನ್ನಿಸಿತು.

ಸಮಾಜ ವಿಜ್ಞಾನದ ಟೀಚರ್ ಹತ್ತಿರ ಹೋಗಿ ಹೇಳಿದೆ. ಅವರು ಬೈಯಲಿಲ್ಲ, ಯಾರ ಪರವಾಗಿಯೂ ಮಾತಾಡಲಿಲ್ಲ. ಅಜ್ಜಿ ಹೇಳಿದ್ದು ಸುಳ್ಳಾ ಎಂದು ಕೇಳಿದರು. ಇಲ್ಲ ಅಂದೆ. ಹಾಗಾದ್ರೆ ಅದನ್ನೂ ಬರಿ ಅಂದರು. ಆದ್ದರಿಂದ ಬರೆಯುತ್ತೇನೆ.

ಹೈದರಾಲಿ ಹಲವು ಸಲ ಮುತ್ತಿಗೆ ಹಾಕಿ 1779ರಲ್ಲಿ ಚಿತ್ರದುರ್ಗವನ್ನು ಗೆದ್ದ. ಕೊನೆಯ ಮದಕರಿ ನಾಯಕನನ್ನು ಕುಟುಂಬ ಸಮೇತ ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ನಾಯಕ ಮತ್ತೆ ದುರ್ಗ ನೋಡಲಿಲ್ಲ. ಸಾವಿರಾರು ಬೇಡ ಕುಲದ ಜನರನ್ನೂ ಊರು ಬಿಡಿಸಿ ಅಲ್ಲಿಗೆ ಒಯ್ದರು, ಅವರ ಗಂಡು ಹುಡುಗರನ್ನು ಸೈನ್ಯಕ್ಕೆ ಸೇರಿಸಿದರು. ಆ ಹುಡುಗರು ನಮ್ಮ ವಯಸ್ಸಿನವರು. ಟಿಪ್ಪು ಆಳುವಾಗ ಕೊಡಗಿನ ಜನರನ್ನೂ ಕರಾವಳಿಯ ಕ್ರೈಸ್ತರನ್ನೂ ಹೀಗೆಯೇ ಸಾವಿರಗಟ್ಟಲೆ ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ತಂದರು. ಎಷ್ಟೋ ಜನ ದಾರಿಯಲ್ಲೇ, ಸೆರೆಯಲ್ಲೇ ಸತ್ತರು. ಅವರ ಮನೆತನದವರಿಗೆ ಇಂದಿಗೂ ಅದು ಮರೆತಿಲ್ಲ.

ಇನ್ನೊಂದನ್ನೂ ಬರೆಯಬೇಕು. 1791ರಲ್ಲಿ ಮರಾಠರ ಕಡೆಯ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿತು. ಆಗ ಟಿಪ್ಪು ಅಲ್ಲಿಯ ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆಸಿ, ದೇವಿಯನ್ನು ಮತ್ತೆ ಪ್ರತಿಷ್ಠೆ ಮಾಡಲು ಹಣ ಕಳಿಸಿದ. ಆ ಪತ್ರಗಳನ್ನು ಆರ್. ನರಸಿಂಹಾಚಾರ್ಯರು 1916ರಲ್ಲಿ ಮಠದಲ್ಲಿ ಕಂಡು ಬೆಳಕಿಗೆ ತಂದರು. ಇದೂ ಅವನೇ, ಅದೂ ಅವನೇ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಚರಿತ್ರೆ ಅರ್ಧ ಆಗುತ್ತದೆ.

ಹುಲಿ ಗೊಂಬೆಯ ಕಥೆ

1790ರಲ್ಲಿ ಮೂರನೇ ಯುದ್ಧ. ಈ ಸಲ ಇಂಗ್ಲಿಷರ ಜೊತೆ ಮರಾಠರೂ ಹೈದರಾಬಾದಿನ ನಿಜಾಮನೂ ಸೇರಿದರು. 1792ರಲ್ಲಿ ಟಿಪ್ಪು ಸೋತ. ಅರ್ಧ ರಾಜ್ಯ ಹೋಯ್ತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು. ಹಣ ತೀರುವ ತನಕ ಇಬ್ಬರು ಗಂಡುಮಕ್ಕಳನ್ನು ಒತ್ತೆ ಇಡಬೇಕಾಯ್ತು. ಇಬ್ಬರೂ ನಮ್ಮ ಪ್ರಾಥಮಿಕ ಶಾಲೆಯ ಮಕ್ಕಳ ವಯಸ್ಸಿನವರು. ಅವರು ಮದ್ರಾಸಿನಲ್ಲಿ ಇದ್ದು 1794ರಲ್ಲಿ ವಾಪಸ್ ಬಂದರು. ಬೇರೆಯವರ ಮಕ್ಕಳನ್ನು ಒಯ್ದವರ ಮನೆಯ ಮಕ್ಕಳನ್ನೂ ಬೇರೆಯವರು ಒಯ್ದರು ಎಂದು ಅಜ್ಜಿಗೆ ಹೇಳಿದೆ. ಅಜ್ಜಿ ಸುಮ್ಮನೆ ಕೇಳಿಸಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ, ಆ ಹುಡುಗರ ತಾಯಂದಿರು ಏನು ಮಾಡಿದರೋ ಪಾಪ ಅಂದರು.

ಅದೇ 1792ರ ಡಿಸೆಂಬರಿನಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಬೇಟೆಗೆ ಹೋಗಿದ್ದ ಒಬ್ಬ ಇಂಗ್ಲಿಷ್ ತರುಣನನ್ನು ಹುಲಿ ಹೊತ್ತುಕೊಂಡು ಹೋಯ್ತು. ಅವನು ಹಳೆಯ ಹೆಕ್ಟರ್ ಮನ್ರೋನ ಮಗ. ಈ ಸುದ್ದಿ ಎಲ್ಲಾ ಕಡೆ ಹಬ್ಬಿತು. ಇದನ್ನು ಕೇಳಿಯೇ ಟಿಪ್ಪು ಹುಲಿ ಗೊಂಬೆ ಮಾಡಿಸಿದ ಎಂದು ಹಲವು ವಿದ್ವಾಂಸರು ಬರೆದಿದ್ದಾರೆ. ಗೊಂಬೆ ತಯಾರಾದದ್ದು 1793ರ ಸುಮಾರಿಗೆ ಎನ್ನುತ್ತಾರೆ.

ಗೊಂಬೆ ಹೀಗಿದೆ. ಮರದಲ್ಲಿ ಕೆತ್ತಿ ಬಣ್ಣ ಬಳಿದ ಹುಲಿ. ಉದ್ದ 170 ಸೆಂ.ಮೀ.ಗೂ ಹೆಚ್ಚು, ಎತ್ತರ ಸುಮಾರು 71 ಸೆಂ.ಮೀ. ಅದರ ಕೆಳಗೆ ಕೋಟು ಟೋಪಿ ಹಾಕಿದ ಯುರೋಪಿನ ಮನುಷ್ಯ ಅಂಗಾತ ಬಿದ್ದಿದ್ದಾನೆ. ಹುಲಿ ಅವನ ಕುತ್ತಿಗೆಗೆ ಬಾಯಿ ಹಾಕಿದೆ. ಹುಲಿಯ ಪಕ್ಕದಲ್ಲಿ ಒಂದು ಹಿಡಿ. ಹಿಡಿ ತಿರುಗಿಸಿದರೆ ಒಳಗಿನ ತಿದಿಗಳು ಗಾಳಿ ಊದುತ್ತವೆ. ನಮ್ಮೂರ ಕುಲುಮೆಯಲ್ಲಿ ಹಿಂದೆ ಇದ್ದ ತಿದಿಯನ್ನೇ ಚಿಕ್ಕದು ಮಾಡಿದಂತೆ. ಒಂದು ತಿದಿಯ ಗಾಳಿ ಮನುಷ್ಯನ ಗಂಟಲಿನ ಕೊಳವೆಗೆ ಹೋಗಿ ನರಳುವ ಸದ್ದು ಬರುತ್ತದೆ. ಅದೇ ಹೊತ್ತಿಗೆ ಅವನ ಎಡಗೈ ಮೇಲೆ ಕೆಳಗೆ ಆಡುತ್ತದೆ. ಕೈ ಆಡಿದಂತೆ ನರಳುವ ದನಿಯೂ ಏರಿಳಿಯುತ್ತದೆ. ಹುಲಿಯ ತಲೆಯೊಳಗಿನ ಇನ್ನೊಂದು ಕೊಳವೆ ಗುರ್ ಗುರ್ ಅನ್ನುತ್ತದೆ. ಹುಲಿಯ ಪಕ್ಕೆಯಲ್ಲಿ ಒಂದು ಮುಚ್ಚಳ ಇದೆ. ಅದನ್ನು ತೆರೆದರೆ ಒಳಗೆ ಹಾರ್ಮೋನಿಯಂ ತರಹದ ವಾದ್ಯ, ಅದಕ್ಕೆ ದಂತದ 18 ಮನೆಗಳು. ಹಿಡಿ ಒಬ್ಬರು ತಿರುಗಿಸಿದರೆ ಇನ್ನೊಬ್ಬರು ರಾಗ ನುಡಿಸಬಹುದು.

ಇದನ್ನು ಕೆತ್ತಿದ ಬಡಗಿ ಯಾರು, ಕೊಳವೆ ಕೂರಿಸಿದ ಕಮ್ಮಾರ ಯಾರು? ಮರಗೆಲಸ ನಮ್ಮ ಮೈಸೂರು ಸೀಮೆಯವರದು, ಒಳಗಿನ ವಾದ್ಯದ ಕೆಲಸಕ್ಕೆ ಫ್ರೆಂಚರ ಕೈ ಸೇರಿರಬಹುದು ಎನ್ನುತ್ತಾರೆ. ಹೆಸರು ಮಾತ್ರ ಒಬ್ಬರದ್ದೂ ಉಳಿದಿಲ್ಲ. ಮಾಡಿಸಿದವನ ಹೆಸರು ಉಳಿಯಿತು, ಮಾಡಿದವನ ಹೆಸರು ಹೋಯಿತು.

ನನ್ನ ತಂತಿ ಹುಲಿ

ಮೇಷ್ಟ್ರು ತಮ್ಮ ಮೊಬೈಲಿನಲ್ಲಿ ಆ ಹುಲಿ ಆಡುವುದನ್ನು ತೋರಿಸಿದರು. ಅದನ್ನು ನೋಡಿ ನಾನೂ ಮಾಡಲು ಕೂತೆ. ಸಾಮಾನು ಇಷ್ಟೇ: ಒಂದು ಚಪ್ಪಲಿ ಡಬ್ಬಿ, ಬೇಲಿ ಕಟ್ಟಿ ಉಳಿದ ತಂತಿ ಸುಮಾರು 40 ಸೆಂ.ಮೀ., ತೆಳ್ಳನೆಯ ಕಟ್ಟು ತಂತಿ, ಖಾಲಿ ಬಾಲ್ ಪೆನ್ನು ಎರಡು, ಸೈಕಲ್ಲಿನ ವಾಲ್ ಟ್ಯೂಬಿನ ತುಂಡು, ಲಗ್ನಪತ್ರಿಕೆಯ ದಪ್ಪ ಕಾಗದ, ಒಂದು ಇಕ್ಕಳ.

ಮುಖ್ಯ ಕೆಲಸ ತಂತಿ ಬಗ್ಗಿಸುವುದು. ನೆಟ್ಟಗಿರುವ ತಂತಿ ತಿರುಗಿದರೆ ಅಲ್ಲೇ ತಿರುಗುತ್ತದೆ ಅಷ್ಟೆ, ಏನನ್ನೂ ಎತ್ತುವುದಿಲ್ಲ. ಅದರ ನಡುವೆ ಒಂದು ಕಡೆ ಬಾಗಿಲಿನ ಚೌಕಟ್ಟಿನಂತೆ ಬಗ್ಗಿಸಬೇಕು. ಆಗ ತಂತಿ ತಿರುಗಿದಂತೆ ಆ ಬಾಗು ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ. ಬಾಗಿನ ಆಳ 1.5 ಸೆಂ.ಮೀ. ಇಟ್ಟರೆ ಅದು ಒಟ್ಟು 3 ಸೆಂ.ಮೀ. ಏರಿಳಿಯುತ್ತದೆ, ಅಂದ್ರೆ ಎರಡರಷ್ಟು. ಸುತ್ತುವ ಚಲನೆ ಏರಿಳಿಯುವ ಚಲನೆ ಆಯ್ತು. ಸೈಕಲ್ಲಿನಲ್ಲಿ ಇದೇ ತಿರುವು ಮುರುವು. ಅಲ್ಲಿ ನಮ್ಮ ಕಾಲು ಏರಿಳಿಯುತ್ತದೆ, ಪೆಡಲ್ ಅದನ್ನು ಸುತ್ತುವಂತೆ ಮಾಡುತ್ತದೆ.

ನಾನು ಎರಡು ಬಾಗು ಮಾಡಿದೆ, ಒಂದು ಮೇಲ್ಮುಖ, ಇನ್ನೊಂದು ಕೆಳಮುಖ. ಒಂದು ಹುಲಿಯ ತಲೆಗೆ, ಒಂದು ಮನುಷ್ಯನ ಕೈಗೆ. ಹುಲಿ ತಲೆ ತಗ್ಗಿಸಿದಾಗ ಮನುಷ್ಯನ ಕೈ ಮೇಲೇಳಬೇಕು.

ಮೊದಲನೇ ತಪ್ಪು: ಡಬ್ಬಿಯ ಎರಡು ಕಡೆ ತೂತು ಮಾಡಿ, ಆಮೇಲೆ ಬಗ್ಗಿಸಿದ ತಂತಿ ತೂರಿಸಲು ಹೋದೆ. ಬಗ್ಗಿದ ತಂತಿ ತೂತಿನಲ್ಲಿ ಹೋಗುವುದು ಹೇಗೆ! ಒಂದು ಗಂಟೆ ಒದ್ದಾಡಿದ ಮೇಲೆ ಹೊಳೆಯಿತು. ಡಬ್ಬಿಯ ಅಂಚಿನಿಂದ ತೂತಿನ ತನಕ ಬ್ಲೇಡಿನಿಂದ ಸೀಳಿ, ಮೇಲಿನಿಂದ ತಂತಿ ಇಳಿಸಿ, ಸೀಳಿಗೆ ಟೇಪು ಅಂಟಿಸಿದೆ. ತೂತು ತಳದಿಂದ 4 ಸೆಂ.ಮೀ. ಮೇಲಿರಲಿ, ಇಲ್ಲದಿದ್ದರೆ ಬಾಗು ತಳಕ್ಕೆ ತಗಲುತ್ತದೆ.

ಎರಡನೇ ತಪ್ಪು: ಸುತ್ತಿಗೆಯಿಂದ ಬಡಿದು ಬಗ್ಗಿಸಿದ್ದೆ. ಬಾಗಿನ ಎರಡೂ ಕಡೆಯ ತಂತಿ ಒಂದೇ ನೇರಕ್ಕೆ ಇರಲಿಲ್ಲ. ಹಿಡಿ ಅರ್ಧ ಸುತ್ತಿಗೆ ಸಿಕ್ಕಿಕೊಳ್ಳುತ್ತಿತ್ತು. ತಂತಿ ತೆಗೆದು, ಇಕ್ಕಳದಲ್ಲಿ ಹಿಡಿದು, ಕಣ್ಣಿನ ನೇರಕ್ಕೆ ನೋಡಿ ನೋಡಿ ಸರಿ ಮಾಡಿದೆ. ಸೈಕಲ್ ಚಕ್ರದ ಆಟ ತೆಗೆಯುವವರು ಹೀಗೇ ಒಂದು ಕಣ್ಣು ಮುಚ್ಚಿ ನೋಡುತ್ತಾರೆ.

ಮೂರನೇ ತಪ್ಪು: ಬಾಗಿಗೆ ಸುತ್ತಿದ ತೆಳ್ಳನೆಯ ತಂತಿ ಅತ್ತ ಇತ್ತ ಜಾರುತ್ತಿತ್ತು. ವಾಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಅದರ ಎರಡು ಪಕ್ಕಕ್ಕೂ ಒಂದೊಂದು ತುಂಡು ಸುತ್ತಿ ನೂಲಿನಿಂದ ಕಟ್ಟಿದೆ. ಜಾರುವುದು ನಿಂತಿತು. ಆ ತೆಳ್ಳನೆಯ ತಂತಿಯ ಇನ್ನೊಂದು ತುದಿಗೆ ಸಣ್ಣ ಕೊಂಡಿ ಮಾಡಿ, ನೆಟ್ಟಗಿನ ತಂತಿಗೆ ಸಿಕ್ಕಿಸಿ, ಅದನ್ನು ಮುಚ್ಚಳದಲ್ಲಿ ನಿಲ್ಲಿಸಿದ ಬಾಲ್ ಪೆನ್ನಿನ ಕೊಳವೆಯಲ್ಲಿ ಮೇಲಕ್ಕೆ ತೆಗೆದೆ. ಕೊಳವೆ ಇದ್ದರೆ ಕಡ್ಡಿ ವಾಲಾಡದೆ ನೇರವಾಗಿ ಏರಿಳಿಯುತ್ತದೆ.

ಸದ್ದಿಗೆ ತಿದಿ ಮಾಡಲು ನನ್ನಿಂದ ಆಗಲಿಲ್ಲ. ಸಣ್ಣವರಿದ್ದಾಗ ಸೈಕಲ್ ಕಡ್ಡಿಗಳಿಗೆ ರಟ್ಟು ಸಿಕ್ಕಿಸಿ ಟರ್ ಟರ್ ಅನ್ನಿಸುತ್ತಿದ್ದೆವಲ್ಲ, ಅದನ್ನೇ ಮಾಡಿದೆ. ರಟ್ಟಿನ ಹಲ್ಲುಚಕ್ರವನ್ನು ತಂತಿಗೆ ಅಂಟಿಸಿ, ಒಂದು ಪ್ಲಾಸ್ಟಿಕ್ ಪಟ್ಟಿ ತಾಗುವಂತೆ ಇಟ್ಟೆ. ಹುಲಿ ಗುರ್ ಅನ್ನುವುದಿಲ್ಲ, ಟರ್ ಅನ್ನುತ್ತದೆ. ನಗಬೇಡಿ.

ಕೊನೆಯ ಯುದ್ಧ

ಮತ್ತೆ ಚರಿತ್ರೆಗೆ ಬರುತ್ತೇನೆ. 1799ರಲ್ಲಿ ನಾಲ್ಕನೇ ಯುದ್ಧ. ಜನರಲ್ ಹ್ಯಾರಿಸ್‌ನ ಸೈನ್ಯ ಶ್ರೀರಂಗಪಟ್ಟಣವನ್ನು ಮುತ್ತಿತು, ನಿಜಾಮನ ದಂಡೂ ಜೊತೆಗಿತ್ತು. ಫಿರಂಗಿ ಹೊಡೆದು ಕೋಟೆಯ ಗೋಡೆ ಒಡೆದರು. ಮೇ 4ರ ಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲಿದ್ದಾಗ, ಕಾವೇರಿಯಲ್ಲಿ ನೀರು ಕಡಿಮೆ ಇದ್ದಾಗ, ಹೊಳೆ ದಾಟಿ ನುಗ್ಗಿದರು. ಮುಂದೆ ನಿಂತು ನುಗ್ಗಿಸಿದವನು ಬೇರ್ಡ್. ಅವನು ಪೊಲ್ಲಿಲೂರಿನಲ್ಲಿ ಸೆರೆ ಸಿಕ್ಕಿ ಶ್ರೀರಂಗಪಟ್ಟಣದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಕೈದಿಯಾಗಿದ್ದವನು.

ಟಿಪ್ಪು ತಪ್ಪಿಸಿಕೊಂಡು ಹೋಗಲಿಲ್ಲ. ಗೋಡೆಯ ಮೇಲೆ ಸಿಪಾಯಿಗಳ ಜೊತೆ ನಿಂತು ಹೊಡೆದಾಡುತ್ತಾ ಗಾಯವಾಗಿ ಬಿದ್ದ. ರಾತ್ರಿ ದೀಪ ಹಿಡಿದು ಹುಡುಕಿದಾಗ ಕೋಟೆಯ ಒಂದು ಬಾಗಿಲ ಹತ್ತಿರ ಹೆಣಗಳ ರಾಶಿಯಲ್ಲಿ ಅವನ ದೇಹ ಸಿಕ್ಕಿತು. ಮಾರನೇ ದಿನ ಗುಂಬಜಿನಲ್ಲಿ ತಂದೆ ತಾಯಿಯ ಪಕ್ಕದಲ್ಲಿ ಮಣ್ಣು ಮಾಡಿದರು. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಇಂಗ್ಲಿಷರು ಮೈಸೂರಿನ ಗದ್ದಿಗೆಗೆ ಕೂರಿಸಿದರು. ಟಿಪ್ಪುವಿನ ಕುಟುಂಬವನ್ನು ವೆಲ್ಲೂರಿಗೆ ಸಾಗಿಸಿದರು, 1806ರ ನಂತರ ಕಲ್ಕತ್ತೆಗೆ.

ಗೆದ್ದವರು ಅರಮನೆ ದೋಚಿದರು. ಸಿಂಹಾಸನವನ್ನು ತುಂಡು ತುಂಡು ಮಾಡಿ ಹಂಚಿಕೊಂಡರು. ಸಂಗೀತದ ಕೋಣೆಯಲ್ಲಿ ಮರದ ಹುಲಿ ಸಿಕ್ಕಿತು. ಅದನ್ನು ಲಂಡನ್ನಿಗೆ ಕಳಿಸಿ, 1808ರಿಂದ ಕಂಪನಿಯ ಕಚೇರಿಯಲ್ಲಿ ಜನರಿಗೆ ತೋರಿಸಲು ಇಟ್ಟರು. ಬಂದವರೆಲ್ಲ ಹಿಡಿ ತಿರುಗಿಸುವವರೇ. ಪಕ್ಕದಲ್ಲಿ ಓದುವ ಕೋಣೆ ಇತ್ತು, ಓದುವವರಿಗೆ ಗುರ್ ಗುರ್ ಸದ್ದಿನಿಂದ ತಲೆ ಕೆಟ್ಟು ಹೋಗುತ್ತಿತ್ತು. ಕೊನೆಗೆ ಒಂದು ದಿನ ಹಿಡಿಯೇ ಕಾಣೆ! ಓದುವವರಿಗೆ ಸಮಾಧಾನ ಆಯ್ತಂತೆ. ನಮ್ಮ ಶಾಲೆಯ ಗಂಟೆ ಹೊಡೆಯುವ ಕಬ್ಬಿಣ ಕಾಣೆಯಾದದ್ದು ನೆನಪಾಗಿ ನಗು ಬಂತು.

1880ರ ಹೊತ್ತಿಗೆ ಹುಲಿ ಈಗಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಸೇರಿತು. ಎರಡನೇ ಮಹಾಯುದ್ಧದಲ್ಲಿ ಬಾಂಬಿನಿಂದ ಛಾವಣಿ ಕುಸಿದು ಹುಲಿ ನೂರಾರು ಚೂರಾಯಿತು. ಅಲ್ಲಿನವರು ಚೂರುಗಳನ್ನು ಆರಿಸಿ ಅಂಟಿಸಿ 1947ರ ಹೊತ್ತಿಗೆ ಮತ್ತೆ ನಿಲ್ಲಿಸಿದರು. ನಮಗೆ ಸ್ವಾತಂತ್ರ್ಯ ಬಂದ ವರ್ಷವೂ ಅದೇ. ಹುಲಿ ಇಂದಿಗೂ ಲಂಡನ್ನಿನಲ್ಲೇ ಇದೆ.

ತಂಗಿ ಕೇಳಿದ್ದು, ಅಜ್ಜಿ ಕೇಳಿದ್ದು

ನನ್ನ ಗೊಂಬೆ ಮುಗಿದ ದಿನ ಮೊದಲು ಹಿಡಿ ತಿರುಗಿಸಿದ್ದು ನನ್ನ ತಂಗಿ. ಅವಳು ಒಂದನೇ ಕ್ಲಾಸು. ಹುಲಿ ತಲೆ ಆಡಿಸಿತು, ಮನುಷ್ಯ ಕೈ ಎತ್ತಿದ. ಅವಳು ನಗುತ್ತಿದ್ದವಳು ಸುಮ್ಮನಾದಳು. ಈ ಮಾಮ ಯಾವಾಗ ಏಳುತ್ತಾನೆ ಎಂದು ಕೇಳಿದಳು. ಏಳುವುದಿಲ್ಲ ಅಂದೆ. ಹಿಂದಕ್ಕೆ ತಿರುಗಿಸಿದರೆ ಏಳುತ್ತಾನೇನೋ ಅಂತ ಹಿಡಿಯನ್ನು ಉಲ್ಟಾ ತಿರುಗಿಸಿದಳು. ಯಾವ ಕಡೆ ತಿರುಗಿಸಿದರೂ ಬಾಗು ಏರಿಳಿಯುವುದು ಒಂದೇ ತರಹ. ಹುಲಿ ತಿನ್ನುತ್ತಲೇ ಇತ್ತು. ಅವಳಿಗೆ ಅಳು ಬಂತು. ಅಷ್ಟು ದಿನ ಕಷ್ಟಪಟ್ಟು ಮಾಡುವಾಗ ಕೆಳಗೆ ಬಿದ್ದವನ ಬಗ್ಗೆ ನಾನು ಒಂದು ಸಲವೂ ಯೋಚಿಸಿರಲಿಲ್ಲ. ನನಗೆ ಅವನು ಒಂದು ಕೈ ಅಷ್ಟೇ ಆಗಿದ್ದ.

ಅಜ್ಜಿಯೂ ಬಂದು ನೋಡಿದರು. ಮೊದಲು ಮುಟ್ಟಲಿಲ್ಲ. ಆಮೇಲೆ ಒಂದೇ ಸುತ್ತು ತಿರುಗಿಸಿ, ಕಡ್ಡಿ ಏರಿಳಿಯುವುದನ್ನೇ ನೋಡುತ್ತಾ ಕೂತರು. ಇದು ಒನಕೆ ಹಾಕಿದ ಹಾಗೆ ಆಯ್ತಲ್ಲ, ಇದರಲ್ಲಿ ನಮ್ಮ ಓಬವ್ವನನ್ನು ಮಾಡು ಅಂದರು. ಹೌದಲ್ಲ! ಮೇಲೆ ಕೆಳಗೆ ಹೋಗುವುದೇ ಒನಕೆ ಕೆಲಸ. ಹೈದರನ ಸಿಪಾಯಿಗಳು ಕಿಂಡಿಯಲ್ಲಿ ನುಸುಳಿ ಬಂದಾಗ ಒನಕೆ ಎತ್ತಿದವಳು ಓಬವ್ವ.

ಎರಡೇ ದಿನದಲ್ಲಿ ಇನ್ನೊಂದು ಡಬ್ಬಿ ತಯಾರಾಯ್ತು. ಈ ಸಲ ಒಂದೂ ತಪ್ಪಾಗಲಿಲ್ಲ. ಬೇಡ ಅಂದಿದ್ದ ಇಬ್ಬರು ಗೆಳೆಯರು ಬಂದು ಓಬವ್ವನ ಸೀರೆಗೆ ಬಣ್ಣ ಹಾಕಿದರು. ಬೇಕು ಅಂದಿದ್ದ ಇಬ್ಬರು ತಂತಿ ಹಿಡಿದುಕೊಂಡರು. ಕೆಲಸ ಮಾಡುವಾಗ ಇಕ್ಕಳ ಕೇಳಲೇಬೇಕಲ್ಲ, ಹಾಗಾಗಿ ಮಾತು ತಾನಾಗಿಯೇ ಶುರುವಾಯ್ತು. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬುದು ನಮ್ಮ ಐವರ ನಡುವೆ ಇನ್ನೂ ತೀರ್ಮಾನ ಆಗಿಲ್ಲ. ಆದರೆ ಈಗ ಒಟ್ಟಿಗೆ ಕೂತು ಊಟ ಮಾಡುತ್ತಾ ಜಗಳ ಆಡುತ್ತೇವೆ.

ಎರಡೂ ಗೊಂಬೆಗಳನ್ನು ಈ ಗೋಡೆ ಪತ್ರಿಕೆಯ ಕೆಳಗಿನ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಿದ್ದೇವೆ. ಎಲ್ಲರೂ ಬಂದು ತಿರುಗಿಸಿ ನೋಡಿ. ನಿಧಾನವಾಗಿ ತಿರುಗಿಸಿ, ತಂತಿ ಬಾಗಿದರೆ ಮತ್ತೆ ನೇರ ಮಾಡುವುದು ಕಷ್ಟ. ದಯವಿಟ್ಟು ಹಿಡಿ ಮಾತ್ರ ಮನೆಗೆ ಒಯ್ಯಬೇಡಿ.

ತಪ್ಪಿದ್ದರೆ ತಿದ್ದಿ ಹೇಳಿ.

ಇಂತಿ ನಿಮ್ಮ ಗೆಳೆಯ,
9ನೇ ತರಗತಿ, ಹರಿಯಬ್ಬೆ